ವಾರಸುದಾರರಿಲ್ಲದ ದೆವ್ವಗಳು

1968ರ ಅಕ್ಟೋಬರ್ 1ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಫುಲ್ಟನ್ ಚಿತ್ರಮಂದಿರದಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ಮೊದಲ ಬಾರಿಗೆ ತೆರೆಕಂಡಿತು. ಹೆಸರು ‘ನೈಟ್ ಆಫ್ ದ ಲಿವಿಂಗ್ ಡೆಡ್’. ಪರದೆಯ ಮೇಲೆ ಶೀರ್ಷಿಕೆ ಮೂಡಿದಾಗ ಅದರ ಜೊತೆಗೆ ಇರಬೇಕಿದ್ದ ಒಂದು ಪುಟ್ಟ ಸಾಲು ಇರಲಿಲ್ಲ. ಇದು ಯಾರ ಸ್ವತ್ತು, ಯಾವ ವರ್ಷದ್ದು ಎಂದು ಹೇಳುವ ಹಕ್ಕುಸ್ವಾಮ್ಯದ ಸಾಲು ಅದು. ಅಂದು ಸಭಾಂಗಣದಲ್ಲಿ ಕೂತಿದ್ದವರು ಅದನ್ನು ಗಮನಿಸಿರಲಾರರು. ಆದರೆ ಆ ಒಂದು ಸಾಲಿನ ಗೈರುಹಾಜರಿ ಚಿತ್ರ ಮಾಡಿದವರ ಕೈಯಿಂದ ಬಹುದೊಡ್ಡ ಗಳಿಕೆಯನ್ನು ಕಸಿದುಕೊಂಡಿತು. ಅದೇ ಗೈರುಹಾಜರಿ ಆ ಚಿತ್ರವನ್ನು ಜಗತ್ತಿನ ಮೂಲೆಮೂಲೆಗೂ ತಲುಪಿಸಿತು.

ಹಳೆಯ ಕಾಲದ, ಕಡಿಮೆ ಖರ್ಚಿನ ವಿದೇಶಿ ಭಯಾನಕ ಚಿತ್ರಗಳನ್ನು ಇಂದು ನೋಡುವವರು ಹೆಚ್ಚಾಗಿದ್ದಾರೆ. ಪುಣೆಯ ಹಾಸ್ಟೆಲಿನಲ್ಲೋ ದೆಹಲಿಯ ಬಾಡಿಗೆ ಕೋಣೆಯಲ್ಲೋ ಕೂತು ಒಂದು ರೂಪಾಯಿಯನ್ನೂ ಕೊಡದೆ ಅವನ್ನು ನೋಡಬಹುದು. ಈ ಸುಲಭದ ಹಿಂದೆ ಒಂದು ಇತಿಹಾಸವಿದೆ. ಯಾವ ಚಿತ್ರ ಉಳಿಯುತ್ತದೆ, ಯಾವುದು ಅಳಿಯುತ್ತದೆ, ಉಳಿದದ್ದನ್ನು ನಾವು ಯಾವ ಕಣ್ಣಿನಿಂದ ನೋಡುತ್ತೇವೆ ಎಂಬ ಮೂರು ಪ್ರಶ್ನೆಗಳು ಆ ಇತಿಹಾಸದಲ್ಲಿ ಹೆಣೆದುಕೊಂಡಿವೆ.

ಸುಡಲು ಹೇಳಿದರೂ ಸುಡದೆ ಉಳಿದದ್ದು

ಕತೆ ಶುರುವಾಗುವುದು ಜರ್ಮನಿಯಲ್ಲಿ. 1922ರ ಮಾರ್ಚ್‌ನಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ ‘ನೊಸ್ಫೆರಾಟು’ ಪ್ರಾನಾ ಫಿಲ್ಮ್ ಎಂಬ ಹೊಸ ಕಂಪನಿಯ ಮೊದಲ ಚಿತ್ರ. ಕೊನೆಯ ಚಿತ್ರವೂ ಅದೇ. ನಿರ್ದೇಶಕ ಎಫ್. ಡಬ್ಲ್ಯೂ. ಮುರ್ನೌ. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿ ಪಡೆಯದೆ ಬಳಸಿಕೊಂಡು, ಪಾತ್ರಗಳ ಹೆಸರು ಬದಲಾಯಿಸಿ ಮಾಡಿದ ಚಿತ್ರವದು. ಸ್ಟೋಕರ್ ತೀರಿಹೋಗಿ ಹತ್ತು ವರ್ಷವಾಗಿತ್ತು. ಪತ್ನಿ ಫ್ಲಾರೆನ್ಸ್ ಸ್ಟೋಕರ್‌ಗೆ ಆ ಕಾದಂಬರಿಯ ಹಕ್ಕೇ ಜೀವನಾಧಾರ. ಆಕೆ ಮೊಕದ್ದಮೆ ಹೂಡಿದರು. ಪ್ರಾನಾ ಫಿಲ್ಮ್ ಆಗಲೇ ದಿವಾಳಿಯಾಗಿದ್ದರಿಂದ ಪರಿಹಾರದ ಹಣ ಸಿಗುವಂತಿರಲಿಲ್ಲ. 1925ರಲ್ಲಿ ನ್ಯಾಯಾಲಯ ಚಿತ್ರದ ಎಲ್ಲ ಪ್ರತಿಗಳನ್ನೂ ನಾಶಮಾಡುವಂತೆ ಆದೇಶಿಸಿತು.

ಕಾನೂನಿನ ಕಣ್ಣಲ್ಲಿ ಫ್ಲಾರೆನ್ಸ್ ಮಾಡಿದ್ದು ಸರಿ. ಆದರೆ ಆ ಆದೇಶ ಪೂರ್ತಿ ಜಾರಿಯಾಗಿದ್ದರೆ ಸಿನಿಮಾದ ಇತಿಹಾಸ ಬಡವಾಗುತ್ತಿತ್ತು. ಅಷ್ಟು ಹೊತ್ತಿಗೆ ಕೆಲವು ಪ್ರತಿಗಳು ಬೇರೆ ದೇಶಗಳಿಗೆ ಹೋಗಿದ್ದವು. ಅವನ್ನು ನಕಲು ಮಾಡಿ, ಕತ್ತರಿಸಿ, ಮತ್ತೆ ಜೋಡಿಸಿ ತೋರಿಸಿದವರಿದ್ದರು. ಇಂದು ನಾವು ನೋಡುವ ‘ನೊಸ್ಫೆರಾಟು’ ಆ ತಪ್ಪಿಸಿಕೊಂಡ ಪ್ರತಿಗಳಿಂದ ಮುಂದಿನ ದಶಕಗಳಲ್ಲಿ ಕಷ್ಟಪಟ್ಟು ಕೂಡಿಸಿದ್ದು. ಬೆಳಗಿನ ಬಿಸಿಲು ತಾಗಿದರೆ ರಕ್ತಪಿಶಾಚಿ ಕರಗಿಹೋಗುತ್ತದೆ ಎಂಬ ನಂಬಿಕೆ ಕೂಡ ನಮಗೆ ಬಂದದ್ದು ಈ ಚಿತ್ರದಿಂದ. ಸ್ಟೋಕರ್‌ನ ಕಾದಂಬರಿಯಲ್ಲಿ ಡ್ರಾಕುಲಾ ಹಗಲಿನಲ್ಲೂ ಓಡಾಡುತ್ತಾನೆ. ಕದ್ದ ಕತೆಗೆ ಕದ್ದವರು ಸೇರಿಸಿದ ಒಂದು ಅಂಶವೇ ಮುಂದೆ ಇಡೀ ಪ್ರಕಾರದ ನಿಯಮವಾಯಿತು.

ಪ್ರತಿಗಳು ಹರಡದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಕೊಲ್ಹಾಪುರದಲ್ಲಿ ಚಿತ್ರೀಕರಣಗೊಂಡು 1934ರಲ್ಲಿ ಬಿಡುಗಡೆಯಾಯಿತು. ಅದನ್ನು ಸುಡಿ ಎಂದು ಯಾವ ನ್ಯಾಯಾಲಯವೂ ಹೇಳಲಿಲ್ಲ. ಆದರೂ ಇಂದು ಅದರ ಪ್ರತಿ ಉಳಿದಿಲ್ಲ. ಕೆಲವು ಸ್ಥಿರಚಿತ್ರಗಳು ಮತ್ತು ಬರಹದ ನೆನಪು ಮಾತ್ರ ಇವೆ. ಸಿನಿಮಾ ಉಳಿಯುವುದು ಅದರ ಗೌರವದಿಂದಲ್ಲ, ಎಷ್ಟು ಕೈಗಳಲ್ಲಿ ಎಷ್ಟು ಪ್ರತಿಗಳಿದ್ದವು ಎಂಬುದರಿಂದ.

ಹಾಸಿಗೆ ಇದ್ದಷ್ಟು ಕತ್ತಲು

ಕಡಿಮೆ ಹಣದ ಭಯಾನಕ ಚಿತ್ರಗಳಲ್ಲಿ ಎರಡು ಬಗೆ. ದೊಡ್ಡ ಸ್ಟುಡಿಯೋಗಳು ತಮ್ಮೊಳಗೇ ಅಗ್ಗವಾಗಿ ತಯಾರಿಸುತ್ತಿದ್ದವು ಒಂದು ಬಗೆಯವು. ಸ್ಟುಡಿಯೋದ ಗಾಳಿಯೂ ಸೋಕದ ಊರುಗಳಲ್ಲಿ ಯಾರೋ ಸಾಲ ಮಾಡಿ ಮಾಡಿದವು ಇನ್ನೊಂದು ಬಗೆಯವು.

ಮೊದಲ ಬಗೆಗೆ ಒಳ್ಳೆಯ ಉದಾಹರಣೆ 1942ರ ‘ಕ್ಯಾಟ್ ಪೀಪಲ್’. ಆರ್‌ಕೆಒ ಸ್ಟುಡಿಯೋ ವಾಲ್ ಲ್ಯೂಟನ್ ಎಂಬ ನಿರ್ಮಾಪಕನಿಗೆ ಭಯಾನಕ ಚಿತ್ರಗಳ ಹೊಣೆ ವಹಿಸುವಾಗ ಮೂರು ಷರತ್ತು ಹಾಕಿತ್ತು: ಚಿತ್ರವೊಂದಕ್ಕೆ ಒಂದೂವರೆ ಲಕ್ಷ ಡಾಲರ್ ಮೀರಬಾರದು, 75 ನಿಮಿಷ ದಾಟಬಾರದು, ಶೀರ್ಷಿಕೆಯನ್ನು ಸ್ಟುಡಿಯೋವೇ ಕೊಡುತ್ತದೆ. ಹೆಸರು ಮೊದಲು, ಕತೆ ಆಮೇಲೆ. ಹೆಣ್ಣೊಬ್ಬಳು ಚಿರತೆಯಾಗುವ ಕತೆಗೆ ಚಿರತೆಯ ವೇಷ ತೊಡಿಸಿದರೆ ನಗೆಪಾಟಲಾಗುತ್ತದೆಂದು ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್‌ಗೆ ಗೊತ್ತಿತ್ತು. ಹಾಗಾಗಿ ಅವರು ಚಿರತೆಯನ್ನು ಆದಷ್ಟು ಮರೆಯಲ್ಲಿಟ್ಟರು.

ರಾತ್ರಿ ಹೆಂಗಸೊಬ್ಬಳು ಒಂಟಿಯಾಗಿ ನಡೆದು ಹೋಗುತ್ತಿದ್ದಾಳೆ. ಹಿಂದೆ ಇನ್ನೊಂದು ಜೊತೆ ಹೆಜ್ಜೆಯ ಸದ್ದು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತುಹೋಗುತ್ತದೆ. ಅವಳು ತಿರುಗಿ ನೋಡುತ್ತಾಳೆ, ಯಾರೂ ಇಲ್ಲ. ಬುಸ್ಸೆಂದು ಏನೋ ಪರದೆಗೆ ನುಗ್ಗುತ್ತದೆ. ನೋಡಿದರೆ ಬಂದು ನಿಂತದ್ದು ಬಸ್ಸು. ಇಂದಿಗೂ ಭಯಾನಕ ಚಿತ್ರಗಳಲ್ಲಿ ಬೆಕ್ಕೋ ಬಾಗಿಲೋ ಸುಮ್ಮನೆ ಬೆಚ್ಚಿಬೀಳಿಸುವ ಪ್ರತಿ ದೃಶ್ಯವೂ ಈ ಬಸ್ಸಿನ ಸಂತಾನ. ಸಿನಿಮಾದವರ ಬಾಯಲ್ಲಿ ಈ ತಂತ್ರಕ್ಕೆ ಇರುವ ಹೆಸರೇ ‘ಲ್ಯೂಟನ್ ಬಸ್’. ಅದೇ ಚಿತ್ರದಲ್ಲಿ ಕಾಣುವ ಭವ್ಯವಾದ ಮೆಟ್ಟಿಲು ಆರ್ಸನ್ ವೆಲ್ಸ್‌ನ ‘ದ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ ಚಿತ್ರಕ್ಕೆ ಕಟ್ಟಿದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಲ್ಯೂಟನ್‌ನ ತಂಡ ಹಾಸಿಗೆ ಸಾಲದ ಕಡೆಯಲ್ಲೆಲ್ಲ ಕತ್ತಲನ್ನು ಹೊದಿಸಿತು.

ಇಟಲಿಯಲ್ಲಿ 1957ರ ‘ಇ ವಾಂಪಿರಿ’ ಚಿತ್ರಕ್ಕೂ ಇಂಥದೇ ಹಿನ್ನೆಲೆ. ನಿರ್ದೇಶಕ ರಿಕಾರ್ಡೊ ಫ್ರೆಡಾ ಕೆಲಸವನ್ನು ನಡುವೆಯೇ ಬಿಟ್ಟು ಹೋದಾಗ ಛಾಯಾಗ್ರಾಹಕ ಮಾರಿಯೊ ಬಾವಾ ಉಳಿದದ್ದನ್ನು ಮುಗಿಸಿದರು. ಸುಂದರಿಯೊಬ್ಬಳು ಕಣ್ಣೆದುರೇ ಮುದುಕಿಯಾಗುವ ದೃಶ್ಯ ಅದರಲ್ಲಿದೆ. ಎಲ್ಲೂ ಕತ್ತರಿ ಆಡಿಸಿಲ್ಲ. ಮುಖದ ಮೇಲೆ ಕೆಂಪು ಬಣ್ಣದಲ್ಲಿ ಸುಕ್ಕುಗಳನ್ನು ಬರೆದು ಮೊದಲು ಕೆಂಪು ಬೆಳಕು ಬಿಟ್ಟರೆ, ಕಪ್ಪು-ಬಿಳುಪು ಫಿಲ್ಮಿನಲ್ಲಿ ಸುಕ್ಕು ಕಾಣುವುದಿಲ್ಲ. ಬೆಳಕನ್ನು ನಿಧಾನವಾಗಿ ಹಸಿರಿಗೆ ತಿರುಗಿಸಿದರೆ ಅದೇ ಗೆರೆಗಳು ಕಪ್ಪಾಗಿ ಮೇಲೇಳುತ್ತವೆ. ಬೇಕಾದದ್ದು ಬಣ್ಣದ ಎರಡು ಗಾಜು ಮತ್ತು ಫಿಲ್ಮ್ ಬಣ್ಣಗಳನ್ನು ಹೇಗೆ ಗ್ರಹಿಸುತ್ತದೆ ಎಂಬ ತಿಳಿವಳಿಕೆ. ಇಂಥ ದೃಶ್ಯವನ್ನು ‘ಆ ಕಾಲಕ್ಕೆ ಪರವಾಗಿಲ್ಲ’ ಎಂದು ನೋಡುವುದು ಅನ್ಯಾಯ. ಇಂದಿಗೂ ಅದು ಚೊಕ್ಕ ಕೆಲಸವೇ.

ಉಪ್ಪಿನ ಸರೋವರದ ಪಾಳು ಮಂಟಪ

ಎರಡನೆಯ ಬಗೆಯ ಚಿತ್ರಗಳಿಗೆ ಸ್ಟುಡಿಯೋದ ಹಳೆಯ ಮೆಟ್ಟಿಲೂ ಸಿಗುತ್ತಿರಲಿಲ್ಲ. ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ ಸೆಂಟ್ರಾನ್ ಎಂಬ ಕಂಪನಿಯಿತ್ತು. ಶಾಲೆಗಳಿಗೆ ಪಾಠದ ಚಿತ್ರಗಳು, ಕಾರ್ಖಾನೆಗಳಿಗೆ ತರಬೇತಿ ಚಿತ್ರಗಳು ಅದರ ಕಸುಬು. ಅಲ್ಲಿನ ನಿರ್ದೇಶಕ ಹರ್ಕ್ ಹಾರ್ವಿ ಒಮ್ಮೆ ಕ್ಯಾಲಿಫೋರ್ನಿಯಾದಿಂದ ಕಾರಿನಲ್ಲಿ ಮರಳುವಾಗ ಯೂಟಾದ ಗ್ರೇಟ್ ಸಾಲ್ಟ್ ಲೇಕ್ ದಂಡೆಯಲ್ಲಿ ಸಾಲ್ಟೇರ್ ಎಂಬ ಪಾಳುಬಿದ್ದ ವಿಹಾರ ಮಂದಿರವನ್ನು ಕಂಡರು. ನೀರು ಹಿಂದೆ ಸರಿದು ಬಯಲಲ್ಲಿ ಒಂಟಿಯಾಗಿ ನಿಂತಿದ್ದ ಗುಮ್ಮಟಗಳ ಕಟ್ಟಡ ಅದು. ಒಂದು ಕಾಲಕ್ಕೆ ಜನ ಅಲ್ಲಿ ಕುಣಿಯಲು ಬರುತ್ತಿದ್ದರು. ಆ ಕಟ್ಟಡದಲ್ಲಿ ಸತ್ತವರು ಕುಣಿಯಬೇಕು, ಅದಕ್ಕೊಂದು ಕತೆ ಬರೆದುಕೊಡು ಎಂದು ಹಾರ್ವಿ ಸಹೋದ್ಯೋಗಿ ಜಾನ್ ಕ್ಲಿಫರ್ಡ್‌ಗೆ ಹೇಳಿದರು.

ಹಾರ್ವಿ ಕಚೇರಿಯಿಂದ ಮೂರು ವಾರ ರಜೆ ಪಡೆದು ಸುಮಾರು 33 ಸಾವಿರ ಡಾಲರಿನಲ್ಲಿ ‘ಕಾರ್ನಿವಲ್ ಆಫ್ ಸೋಲ್ಸ್’ ಮುಗಿಸಿದರು. ಕತೆ ಸರಳ. ಸೇತುವೆಯಿಂದ ಕಾರು ನದಿಗೆ ಬೀಳುತ್ತದೆ. ಮೇರಿ ಎಂಬ ಯುವತಿ ಒಬ್ಬಳೇ ಕೆಸರು ಮೆತ್ತಿಕೊಂಡು ನೀರಿನಿಂದ ಮೇಲೆ ಬರುತ್ತಾಳೆ. ಬೇರೆ ಊರಿಗೆ ಹೋಗಿ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸ ಹಿಡಿಯುತ್ತಾಳೆ. ಬಿಳಿಚಿದ ಮುಖದ ಗಂಡಸೊಬ್ಬ ಕಿಟಕಿಯ ಗಾಜಿನಲ್ಲಿ, ಕನ್ನಡಿಯಲ್ಲಿ, ಮೆಟ್ಟಿಲ ಬುಡದಲ್ಲಿ ಕಾಣಿಸಿಕೊಳ್ಳುತ್ತಾನೆ. ಆ ಗಂಡಸಿನ ಪಾತ್ರ ಸ್ವತಃ ಹಾರ್ವಿಯದು. ಮೇರಿಯಾಗಿ ನಟಿಸಿದವರು ಕ್ಯಾಂಡೇಸ್ ಹಿಲಿಗಾಸ್.

ಚಿತ್ರದ ನಡುವೆ ಒಂದೆಡೆ ಮೇರಿ ಬಟ್ಟೆ ಅಂಗಡಿಗೆ ಹೋಗಿರುತ್ತಾಳೆ. ಇದ್ದಕ್ಕಿದ್ದಂತೆ ಸುತ್ತಲಿನ ಸದ್ದೆಲ್ಲ ನಿಲ್ಲುತ್ತದೆ. ಅವಳು ಮಾತಾಡಿದರೆ ಯಾರಿಗೂ ಕೇಳದು, ಎದುರು ನಿಂತರೆ ಯಾರಿಗೂ ಕಾಣದು. ದೊಡ್ಡ ಊರಿಗೆ ಹೊಸದಾಗಿ ಬಂದು, ಭಾಷೆ ಬಾರದ ಅಂಗಡಿಯಲ್ಲಿ ತಾನು ಯಾರಿಗೂ ಲೆಕ್ಕಕ್ಕಿಲ್ಲ ಎಂದು ಒಮ್ಮೆಯಾದರೂ ಅನ್ನಿಸಿದವರಿಗೆ ಆ ಎರಡು ನಿಮಿಷದ ಮೌನ ಅರ್ಥವಾಗದೇ ಇರದು. ಅದಕ್ಕೆ ತಗುಲಿದ ಖರ್ಚು ಇಷ್ಟೇ: ಧ್ವನಿಪಟ್ಟಿಯನ್ನು ಖಾಲಿ ಬಿಡುವುದು.

1962ರ ಸೆಪ್ಟೆಂಬರ್‌ನಲ್ಲಿ ಲಾರೆನ್ಸ್‌ನಲ್ಲಿ ತೆರೆಕಂಡ ಚಿತ್ರ ಸದ್ದಿಲ್ಲದೆ ಮರೆಯಾಯಿತು. ಹಂಚಿಕೆದಾರ ಕಂಪನಿ ಮುಳುಗಿತು, ಹಾಕಿದ ಹಣ ಹಾರ್ವಿಗೆ ಬರಲಿಲ್ಲ. ಈ ಚಿತ್ರದಲ್ಲೂ ಹಕ್ಕುಸ್ವಾಮ್ಯದ ಸೂಚನೆ ಇರಲಿಲ್ಲ. ಹಾರ್ವಿ ಮತ್ತೆ ಪಾಠದ ಚಿತ್ರಗಳಿಗೆ ಮರಳಿದರು. ಇನ್ನೊಂದು ಕಥಾಚಿತ್ರವನ್ನು ಅವರು ನಿರ್ದೇಶಿಸಲೇ ಇಲ್ಲ. ಆದರೆ ಟಿ.ವಿ. ವಾಹಿನಿಗಳು ನಡುರಾತ್ರಿಯ ಹೊತ್ತು ತುಂಬಿಸಲು ಅದನ್ನು ಮತ್ತೆ ಮತ್ತೆ ಹಾಕಿದವು. ನಿದ್ದೆ ಬಾರದೆ ಟಿ.ವಿ. ಹಚ್ಚಿದ ಯಾರೋ ಅದನ್ನು ಅರ್ಧದಿಂದ ನೋಡಿ, ಹೆಸರು ತಿಳಿಯದೆ, ವರ್ಷಗಟ್ಟಲೆ ನೆನಪಿಟ್ಟುಕೊಂಡರು. 1989ರಲ್ಲಿ ಚಿತ್ರಮಂದಿರಗಳಿಗೆ ಮರಳಿದಾಗ ಅದಕ್ಕೆ ಸಿಕ್ಕಿದ ಮನ್ನಣೆಯನ್ನು ನೋಡಲು ಹಾರ್ವಿ ಬದುಕಿದ್ದರು. ತೀರಿಕೊಂಡದ್ದು 1996ರಲ್ಲಿ.

ಹತ್ತು ಜನ, ಆರುನೂರು ಡಾಲರ್

ಪಿಟ್ಸ್‌ಬರ್ಗ್‌ನ ಜಾರ್ಜ್ ರೊಮೆರೊ ಮತ್ತು ಗೆಳೆಯರದೂ ಹಾರ್ವಿಯಂಥದೇ ಕಸುಬು. ‘ದ ಲೇಟೆಂಟ್ ಇಮೇಜ್’ ಎಂಬ ಅವರ ಪುಟ್ಟ ಕಂಪನಿ ಜಾಹೀರಾತು ತೆಗೆಯುತ್ತಿತ್ತು. ಊರಿನಲ್ಲೇ ತಯಾರಾಗುತ್ತಿದ್ದ ‘ಮಿಸ್ಟರ್ ರಾಜರ್ಸ್’ ನೇಬರ್‌ಹುಡ್’ ಎಂಬ ಮಕ್ಕಳ ಕಾರ್ಯಕ್ರಮಕ್ಕೂ ರೊಮೆರೊ ತುಣುಕುಗಳನ್ನು ಚಿತ್ರಿಸಿದ್ದರು. 1967ರಲ್ಲಿ ಹತ್ತು ಜನ ತಲಾ 600 ಡಾಲರ್ ಹಾಕಿ ‘ಇಮೇಜ್ ಟೆನ್’ ಎಂಬ ಸಂಸ್ಥೆ ಕಟ್ಟಿದರು. ಮುಂದೆ ಅಲ್ಲಿ ಇಲ್ಲಿ ಹಣ ಸೇರಿಸಿ ಒಟ್ಟು ಖರ್ಚು ಸುಮಾರು 1,14,000 ಡಾಲರ್ ಆಯಿತು.

ಹತ್ತಿರದ ಇವಾನ್ಸ್ ಸಿಟಿಯಲ್ಲಿ ಕೆಡವಲು ಗೊತ್ತುಮಾಡಿದ್ದ ಒಂದು ತೋಟದ ಮನೆ ಸಿಕ್ಕಿತು. ಹೇಗೂ ಬೀಳಲಿರುವ ಮನೆಯಾದ್ದರಿಂದ ಬಾಗಿಲು ಮುರಿಯಲು, ಗೋಡೆಗೆ ಮೊಳೆ ಹೊಡೆಯಲು ಅಡ್ಡಿಯಿರಲಿಲ್ಲ. ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದರು. ಕಪ್ಪು-ಬಿಳುಪಿನಲ್ಲಿ ಅದು ರಕ್ತಕ್ಕಿಂತ ರಕ್ತದಂತೆ ಕಾಣುತ್ತದೆ. ಹಣ ಹಾಕಿದವರಲ್ಲೊಬ್ಬರದು ಮಾಂಸದ ವ್ಯಾಪಾರ. ದೆವ್ವಗಳು ತಿನ್ನುವ ಕರುಳು ಅಲ್ಲಿಂದ ಬಂತು. ತಳಮನೆಯಲ್ಲಿ ಅಡಗಿ ಕೂರುವ ದಂಪತಿಯ ಪಾತ್ರ ಮಾಡಿದ ಕಾರ್ಲ್ ಹಾರ್ಡ್‌ಮನ್ ಮತ್ತು ಮೆರಿಲಿನ್ ಈಸ್ಟ್‌ಮನ್ ತೆರೆಯ ಹಿಂದೆಯೂ ದುಡಿದರು. ಹಾರ್ಡ್‌ಮನ್ ನಿರ್ಮಾಪಕರಲ್ಲೊಬ್ಬರು, ಈಸ್ಟ್‌ಮನ್ ಪ್ರಸಾಧನದಲ್ಲೂ ಕೈಜೋಡಿಸಿದರು. ಹಿನ್ನೆಲೆ ಸಂಗೀತ ಹೊಸದಾಗಿ ಮಾಡಿಸಿದ್ದಲ್ಲ, ಸಿದ್ಧ ಸಂಗೀತದ ಸಂಗ್ರಹದಿಂದ ಕೊಂಡದ್ದು.

ನಾಯಕ ಬೆನ್‌ನ ಪಾತ್ರಕ್ಕೆ ಆಯ್ಕೆಯಾದದ್ದು ಡ್ಯುವೇನ್ ಜೋನ್ಸ್ ಎಂಬ ಕಪ್ಪುವರ್ಣೀಯ ನಟ. ಪಾತ್ರವನ್ನು ಬರೆಯುವಾಗ ಬಣ್ಣದ ಪ್ರಸ್ತಾಪವಿರಲಿಲ್ಲ. ಪರೀಕ್ಷೆಗೆ ಬಂದವರಲ್ಲಿ ಅವರೇ ಚೆನ್ನಾಗಿ ಮಾಡಿದರು ಎಂದು ರೊಮೆರೊ ಹೇಳುತ್ತಿದ್ದರು. ಕರಡಿನಲ್ಲಿ ಬೆನ್ ಒರಟು ಮಾತಿನ ಲಾರಿ ಚಾಲಕ. ಜೋನ್ಸ್ ಓದಿಕೊಂಡವರು, ಪಾಠ ಹೇಳುತ್ತಿದ್ದವರು. ಸಂಭಾಷಣೆಯನ್ನು ತಿದ್ದಿ, ಬೆನ್‌ನನ್ನು ಯೋಚಿಸುವ, ಅಳೆದು ಮಾತಾಡುವ ಮನುಷ್ಯನನ್ನಾಗಿ ಮಾಡಿದವರು ಅವರೇ. ಆ ಮನೆಯೊಳಗೆ ಬಿಳಿಯರಿಗೆ ಅಪ್ಪಣೆ ಕೊಡುವ, ಸಿಟ್ಟು ಬಂದಾಗ ಕೈ ಎತ್ತುವ ಕಪ್ಪು ನಾಯಕನಿದ್ದಾನೆ. ಅದರ ಬಗ್ಗೆ ಯಾವ ಪಾತ್ರವೂ ತುಟಿ ಬಿಚ್ಚುವುದಿಲ್ಲ. 1968ರ ಅಮೆರಿಕದಲ್ಲಿ ಆ ಸುಮ್ಮನಿರುವಿಕೆಯೇ ದೊಡ್ಡ ಮಾತು.

ರಾತ್ರಿಯಿಡೀ ದೆವ್ವಗಳ ಜೊತೆ ಹೋರಾಡಿ ಬದುಕುಳಿದ ಬೆನ್ ಬೆಳಗ್ಗೆ ಕಿಟಕಿಯ ಬಳಿ ಬರುತ್ತಾನೆ. ಹೊರಗೆ ಬಂದೂಕು ಹಿಡಿದ ಊರವರ ಗುಂಪು. ಅವನನ್ನೂ ದೆವ್ವವೆಂದುಕೊಂಡು ಗುಂಡು ಹೊಡೆಯುತ್ತಾರೆ. ಆಮೇಲೆ ಚಿತ್ರ ಚಲಿಸುವುದಿಲ್ಲ. ಪತ್ರಿಕೆಯಲ್ಲಿ ಅಚ್ಚಾದಂತೆ ಕಾಣುವ ಒರಟು ಸ್ಥಿರಚಿತ್ರಗಳು ಒಂದೊಂದಾಗಿ ಬರುತ್ತವೆ: ಕೊಕ್ಕೆ ಹಿಡಿದ ಗಂಡಸರು, ಎಳೆದೊಯ್ದ ಹೆಣ, ಕಟ್ಟಿಗೆಯ ರಾಶಿ. ಮುಗಿದ ಚಿತ್ರದ ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಹೋಗುವಾಗ ರೇಡಿಯೋದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ಕೇಳಿತೆಂದು ರೊಮೆರೊ ಹಲವು ಬಾರಿ ನೆನಪಿಸಿಕೊಂಡಿದ್ದಾರೆ. ಅಂದು 1968ರ ಏಪ್ರಿಲ್ 4. ಚಿತ್ರದ ಕೊನೆ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಆದರೆ ಆ ರಾತ್ರಿಯ ನಂತರ ಅದನ್ನು ಬೇರೆ ಅರ್ಥದಲ್ಲಿ ನೋಡುವುದು ಸಾಧ್ಯವಿರಲಿಲ್ಲ. ಕೊನೆಯನ್ನು ಬದಲಿಸಿದರೆ ಕೊಳ್ಳುತ್ತೇವೆ ಎಂದ ಹಂಚಿಕೆ ಕಂಪನಿಯೂ ಇತ್ತು. ಇವರು ಒಪ್ಪಲಿಲ್ಲ.

ಕೊನೆಗೆ ಚಿತ್ರವನ್ನು ತೆಗೆದುಕೊಂಡ ವಾಲ್ಟರ್ ರೀಡ್ ಸಂಸ್ಥೆ ಹೆಸರನ್ನು ಬದಲಿಸಿತು. ಮೊದಲಿದ್ದ ‘ನೈಟ್ ಆಫ್ ದ ಫ್ಲೆಶ್ ಈಟರ್ಸ್’ ಎಂಬ ಶೀರ್ಷಿಕೆಯ ಫಲಕದ ಮೇಲೆಯೇ ಹಕ್ಕುಸ್ವಾಮ್ಯದ ಸಾಲು ಇತ್ತು. ಫಲಕ ಹೋಯಿತು, ಸಾಲೂ ಹೋಯಿತು. ಹೊಸ ಫಲಕದಲ್ಲಿ ಅದನ್ನು ಮತ್ತೆ ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಗ ಜಾರಿಯಲ್ಲಿದ್ದ 1909ರ ಕಾಯ್ದೆಯಂತೆ ಸೂಚನೆಯಿಲ್ಲದೆ ಪ್ರಕಟವಾದ ಕೃತಿ ಸಾರ್ವಜನಿಕರ ಸ್ವತ್ತು. ಯಾರು ಬೇಕಾದರೂ ಪ್ರತಿ ಮಾಡಬಹುದು, ತೋರಿಸಬಹುದು, ಮಾರಬಹುದು. ಮಾಡಿದರು, ತೋರಿಸಿದರು, ಮಾರಿದರು. ಸತ್ತವರು ಎದ್ದು ಬಂದು ಬದುಕಿದ್ದವರನ್ನು ತಿನ್ನುವ ಕಲ್ಪನೆಯ ಮೇಲೆ ಮುಂದೆ ಒಂದು ಉದ್ಯಮವೇ ಬೆಳೆಯಿತು. ಆ ಮೊದಲ ಚಿತ್ರದ ಪ್ರತಿಗಳು ಎಲ್ಲೆಲ್ಲೂ ಮಾರಾಟವಾಗುತ್ತಿದ್ದಾಗ ಅದನ್ನು ಮಾಡಿದವರಿಗೆ ಸಿಕ್ಕಿದ್ದು ಅದರ ತೀರ ಸಣ್ಣ ಪಾಲು.

ನಗುವುದೋ, ನೋಡುವುದೋ

ಒಡೆಯರಿಲ್ಲದ ಚಿತ್ರ ಹರಡುತ್ತದೆ, ಆದರೆ ಸವೆಯುತ್ತಲೇ ಹರಡುತ್ತದೆ. ಪ್ರತಿಯಿಂದ ಪ್ರತಿ, ಅದರಿಂದ ಇನ್ನೊಂದು ಪ್ರತಿ. ಕತ್ತಲೆಲ್ಲ ಮಸಿಯಾಗಿ, ಮುಖಗಳು ಸುಣ್ಣ ಬಳಿದಂತಾಗಿ, ಮಾತು ಗೊರಗೊರ ಎನ್ನುವ ಕ್ಯಾಸೆಟ್ಟುಗಳಲ್ಲಿ ಎರಡು ತಲೆಮಾರು ಈ ಚಿತ್ರಗಳನ್ನು ನೋಡಿತು. ಪ್ರತಿಯ ಬಡತನವನ್ನು ಚಿತ್ರದ ಬಡತನವೆಂದು ತಿಳಿಯಿತು. ‘ಎಷ್ಟು ಕೆಟ್ಟದಾಗಿದೆ ಎಂದರೆ ನೋಡಲು ಮಜಾ’ ಎನ್ನುವ ರಸಿಕತೆ ಬೆಳೆದದ್ದೂ ಇದೇ ಕಾಲದಲ್ಲಿ.

ಆ ನಗೆಗೆ ಗುರಿಯಾದವರಲ್ಲಿ ಮುಖ್ಯರು ಎಡ್ ವುಡ್. ಅವರ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಚಿತ್ರಕ್ಕೆ ಹಣ ಕೊಟ್ಟದ್ದು ಒಂದು ಬ್ಯಾಪ್ಟಿಸ್ಟ್ ಚರ್ಚಿನವರು. ನಟ ಬೇಲಾ ಲುಗೋಸಿ 1956ರಲ್ಲಿ ತೀರಿಹೋಗಿದ್ದರು. ಅದಕ್ಕೂ ಮುಂಚೆ ತೆಗೆದಿದ್ದ ಕೆಲವೇ ತುಣುಕುಗಳನ್ನು ಬಳಸಿ, ಉಳಿದ ಕಡೆ ಬೇರೊಬ್ಬರು ಮುಖಕ್ಕೆ ಮೇಲಂಗಿ ಅಡ್ಡ ಹಿಡಿದು ನಟಿಸಿದರು. 1980ರಲ್ಲಿ ಒಂದು ಪುಸ್ತಕ ಇದನ್ನು ಜಗತ್ತಿನ ಅತಿ ಕೆಟ್ಟ ಚಿತ್ರವೆಂದು ಸಾರಿತು. ಆ ಬಿರುದಿನಿಂದಲೇ ಚಿತ್ರ ಪ್ರಸಿದ್ಧವಾಯಿತು. ಆದರೆ ವುಡ್ 1978ರ ಡಿಸೆಂಬರ್‌ನಲ್ಲೇ ಕಡುಬಡತನದಲ್ಲಿ ಕೊನೆಯುಸಿರೆಳೆದಿದ್ದರು. ಚಿತ್ರ ಕೆಟ್ಟದ್ದು ಎಂಬುದರಲ್ಲಿ ಸಂದೇಹವಿಲ್ಲ, ನಕ್ಕರೆ ತಪ್ಪೂ ಇಲ್ಲ. ಆದರೆ ಎಲ್ಲ ಅಗ್ಗದ ಚಿತ್ರಗಳನ್ನೂ ಅದೇ ನಗೆಯ ಚೀಲಕ್ಕೆ ತುಂಬಿದರೆ ಹಾರ್ವಿಯ ಮೌನವೂ ಬಾವಾನ ಬೆಳಕೂ ಕಾಣದೇ ಹೋಗುತ್ತವೆ.

ನೋಡುವ ಕಣ್ಣು ನಿಧಾನವಾಗಿ ಬದಲಾಯಿತು. ವಿಮರ್ಶಕ ರೋಜರ್ ಈಬರ್ಟ್ 1969ರ ಆರಂಭದಲ್ಲಿ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಬಗ್ಗೆ ಬರೆದಾಗ ಅವರ ಲೇಖನದ ತುಂಬ ಇದ್ದವರು ಪ್ರೇಕ್ಷಕರು. ಹಗಲಿನ ಆಟಕ್ಕೆ ಹೆತ್ತವರು ಬಿಟ್ಟುಹೋದ ಪುಟ್ಟ ಮಕ್ಕಳು ಮೊದಲು ಗಲಾಟೆ ಮಾಡಿ, ಆಮೇಲೆ ಮೌನವಾಗಿ, ಕೊನೆಗೆ ಅಳುತ್ತ ಕೂತದ್ದನ್ನು ಅವರು ದಾಖಲಿಸಿದರು. ಮರುವರ್ಷ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಅದೇ ಚಿತ್ರವನ್ನು ಪ್ರದರ್ಶಿಸಿತು. 1999ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು. 2016ರಲ್ಲಿ ಅದೇ ವಸ್ತುಸಂಗ್ರಹಾಲಯ ಮತ್ತು ಫಿಲ್ಮ್ ಫೌಂಡೇಶನ್ ಮೂಲ ನೆಗೆಟಿವ್‌ನಿಂದ ಚಿತ್ರವನ್ನು ಪುನರುಜ್ಜೀವಗೊಳಿಸಿದವು. ಮಸಿ ಬಳಿದಂತಿದ್ದ ಕತ್ತಲೊಳಗೆ ಗೋಡೆ, ಹಲಗೆ, ಜೋನ್ಸ್‌ರ ಮುಖದ ಬೆವರು ಎಲ್ಲವೂ ಮೊದಲಿಂದಲೂ ಇದ್ದವು ಎಂದು ಆಗ ಗೊತ್ತಾಯಿತು. ಮುಂದಿನ ವರ್ಷ ಜುಲೈನಲ್ಲಿ ರೊಮೆರೊ ತೀರಿಕೊಂಡರು. ಡ್ಯುವೇನ್ ಜೋನ್ಸ್ 1988ರಲ್ಲೇ ಹೋಗಿದ್ದರು.

ಹಾಗಾಗಿ ಇಂದು ಈ ಚಿತ್ರಗಳನ್ನು ಹುಡುಕುವವರು ಮೊದಲು ನೋಡಬೇಕಾದದ್ದು ಪ್ರತಿ ಯಾವುದು ಎಂಬುದನ್ನು. ಪುಕ್ಕಟೆ ಸಿಗುವ ಹತ್ತು ಪ್ರತಿಗಳಲ್ಲಿ ಒಂಬತ್ತು ಸವೆದವಾಗಿರಬಹುದು. ಬಣ್ಣ ಬಳಿದ ಪ್ರತಿಗಳೂ ಇವೆ. ಅವನ್ನು ಬಿಟ್ಟು, ಪುನರುಜ್ಜೀವಗೊಳಿಸಿದ್ದನ್ನು ದೀಪ ಆರಿಸಿ, ಫೋನು ಬದಿಗಿಟ್ಟು ನೋಡಬೇಕು. ಈ ಚಿತ್ರಗಳಲ್ಲಿ ಭಯ ನಿಧಾನವಾಗಿ ಏರುತ್ತದೆ. ಅವಸರದ ನೋಟಕ್ಕೆ ಅವು ಏನನ್ನೂ ಬಿಟ್ಟುಕೊಡುವುದಿಲ್ಲ.

ಇವಾನ್ಸ್ ಸಿಟಿಯ ತೋಟದ ಮನೆ ಈಗಿಲ್ಲ. ಆದರೆ ಚಿತ್ರದ ಮೊದಲ ದೃಶ್ಯ ನಡೆಯುವ ಸ್ಮಶಾನ ಹಾಗೇ ಇದೆ. ಅಲ್ಲಿನ ಪುಟ್ಟ ಪ್ರಾರ್ಥನಾ ಮಂದಿರ ಶಿಥಿಲವಾಗಿ, ಕೆಡವುವ ಮಾತು ಬಂದಿತ್ತು. ಚಿತ್ರದ ತಂಡದಲ್ಲಿದ್ದವರೊಬ್ಬರು ಮುಂದೆ ನಿಂತು, ಅಭಿಮಾನಿಗಳಿಂದ ಹಣ ಕೂಡಿಸಿ ಅದನ್ನು ದುರಸ್ತಿ ಮಾಡಿಸಿದರು. ಚಿತ್ರವನ್ನು ಬಿಟ್ಟಿಯಾಗಿ ನೋಡಿದ್ದ ಜನವೇ ಆ ಮಂದಿರಕ್ಕೆ ಕೈಯಿಂದ ದುಡ್ಡು ಕೊಟ್ಟರು.